ಪಾಲಾಕ್ಷ ಮೇಷ್ಟ್ರು ಇವತ್ತು ಫ್ರೀ

ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಾಲಾಕ್ಷ ಮೇಷ್ಟ್ರು ಆ ಶನಿವಾರ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ನಿಂತು, ಫೋನಿನಲ್ಲಿ, ಆಡಬಾರದ ಮಾತೊಂದನ್ನು ಜೋರಾಗಿ ಆಡಿದರು.

"ಇಲ್ಲ ಮಾರಾಯ, ಇವತ್ತು ಸಾಲಿಗೆ ರಜಾ ಹಾಕೀನಿ. ಫುಲ್ ಫ್ರೀ!"

ಎದುರು ಮನೆಯ ಹಂಪಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯ ಹೊನ್ನೂರಸ್ವಾಮಿ ಹಲ್ಲುಜ್ಜುವುದನ್ನು ನಿಲ್ಲಿಸಿದ. ನಿರ್ವಾತ ಕಂಡಲ್ಲಿ ಗಾಳಿ ನುಗ್ಗುತ್ತದೆಂದು ಮೇಷ್ಟ್ರು ವರ್ಷವರ್ಷವೂ ಪಾಠ ಮಾಡುತ್ತಿದ್ದರು. ಬಿಡುವು ಕಂಡಲ್ಲಿ ಓಣಿ ನುಗ್ಗುತ್ತದೆಂದು ಮಾತ್ರ ಯಾವ ಪಠ್ಯಪುಸ್ತಕವೂ ಅವರಿಗೆ ಹೇಳಿರಲಿಲ್ಲ.

ನಿಜಕ್ಕೂ ಅವರು ಫ್ರೀ ಇರಲೇ ಇಲ್ಲ. ರಜೆ ಹಾಕಿದ್ದು ನಳದ ನೀರಿಗಾಗಿ. ಆ ಓಣಿಗೆ ನೀರು ವಾರಕ್ಕೊಮ್ಮೆ. ವಾರ ಶನಿವಾರವೆಂಬುದು ಖಚಿತ. ಹೊತ್ತು ಯಾವುದೆಂಬುದು ವಾಲ್ವ್ ತಿರುಗಿಸುವ ಯರ್ರಿಸ್ವಾಮಿಯ ಮರ್ಜಿ. ಹಾಗಾಗಿ ಪ್ರತಿ ಮನೆಯಲ್ಲೂ ಒಬ್ಬರು ನಳ ಕಾಯುತ್ತಾ ಕೂತು, ಬಂದ ನೀರನ್ನು ಕೊಡದಲ್ಲಿ ಹಿಡಿದು ತುಂಬಿಕೊಳ್ಳಬೇಕು. ಮೇಷ್ಟ್ರ ಮನೆಯಲ್ಲಿ ಅದು ಹೆಂಡತಿ ಸುಜಾತಾಳ ಕೆಲಸ. ಆದರೆ ಆಕೆ ಮಗನನ್ನು ಕರೆದುಕೊಂಡು ಹಡಗಲಿಯ ತವರಿಗೆ ಹೋಗಿದ್ದಳು. ಮರುದಿನ ಮಗನ ಜವಳ, ತಲೆಗೂದಲು ತೆಗೆಸುವ ಶಾಸ್ತ್ರ. ಅದಕ್ಕಾಗಿ ಈ ಶನಿವಾರ ಸಂಜೆಯೇ ತವರಿನವರೊಂದಿಗೆ ಬಂದಿಳಿಯುವವಳಿದ್ದಳು.

"ಟ್ಯಾಂಕ್ ತುಂಬಿರಬೇಕು ನೋಡ್ರಿ," ಎಂದು ಹಿಂದಿನ ದಿನವೇ ಫೋನ್ ಮಾಡಿದ್ದಳು. "ನಮ್ಮವ್ವ, ಚಿಕ್ಕವ್ವಗಳು, ಮಗ್ಗಲ ಮನಿಯಾಕಿ, ಎಲ್ಲಾರೂ ಬರಾಕತ್ಯಾರ."

"ಮಗ್ಗಲ ಮನಿಯಾಕಿ ಯಾಕ?"

"ಬಸ್ ಫ್ರೀ ಐತಲ್ರಿ, ಬ್ಯಾಡ ಅನ್ನಾಕ ಆಕ್ಕತೇನು? ಬಂದೋರಿಗೆ ಕೈಕಾಲು ತೊಳಿಯಾಕ ನೀರಿಲ್ಲ ಅಂದ್ರ ನಾನು ತವರಿಗೆ ಮಾರಿ ತೋರ್ಸಂಗಿಲ್ಲ. ನೀವೂ ನನಗ ತೋರ್ಸಬ್ಯಾಡ್ರಿ."

ಮೊದಲು ಬಂದವಳು ಹಂಪಕ್ಕ, ಕೈಯಲ್ಲಿ ಸೋಪಿನ ಪುಡಿಯ ಪೊಟ್ಟಣ.

"ಸರ, ಫ್ರೀ ಅದೀರಂತಲ್ಲ? ಇದರ ಜೋಡಿ ಬಕೀಟು ಫ್ರೀ ಅಂತ ಬರದೈತಿ. ಅಂಗಡ್ಯಾನು ಇಲ್ಲ ಅಂತಾನ. ಓದಿದೋರು ನೀವು, ಬಂದು ಒಂದ್ ಮಾತು ಕೇಳ್ರಿ."

"ನಳ ಕಾಯಬೇಕು ಹಂಪಕ್ಕ..."

"ಅದೇನು ಹುಲಿಯೇನ್ರಿ ಕಾಯಾಕ? ಬರ್ರಿ!"

ಅಂಗಡಿಯವನ ಮುಂದೆ ಮೇಷ್ಟ್ರು ಗ್ರಾಹಕರ ಹಕ್ಕು ಕುರಿತು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದರು. ಅವನು ಆಕಳಿಸಿ, "ಫ್ರೀ ಮುಗುದೈತ್ರಿ ಸರ. ದುಡ್ಡಿನದು ಐತಿ, ಕೊಡ್ಲೇನು?" ಎಂದ. ಕೊನೆಗೆ ಹಂಪಕ್ಕನಿಗೆ ದಕ್ಕಿದ್ದು ಒಂದು ಬಾಚಣಿಗೆ. ದಾರಿಯುದ್ದಕ್ಕೂ ಆಕೆ ಅದಕ್ಕೆ ಮೇಷ್ಟ್ರ ಓದನ್ನೇ ಹೊಣೆ ಮಾಡಿದಳು.

ಮನೆ ಮುಟ್ಟುವ ಮೊದಲೇ ಹೊನ್ನೂರಸ್ವಾಮಿ ಬೈಕ್ ಅಡ್ಡ ನಿಲ್ಲಿಸಿದ. ಬೆನ್ನ ಹಿಂದೆ ಅವನ ಅಪ್ಪ ಕೂತಿದ್ದ, ಇಳಿಸಿಟ್ಟ ಮೂಟೆಯಂತೆ.

"ಸರ, ಅಪ್ಪಗ ಹೊಟ್ಟಿ ಫ್ರೀ ಆಗವಲ್ದು. ದವಾಖಾನಿಗೆ ಹೊಂಟೀನಿ. ಹಿಂದ ಹಿಡ್ಕಂಡು ಕುಂದ್ರಾಕ ಒಬ್ರು ಬೇಕ್ರಿ. ನೀವು ಹೆಂಗೂ..."

"ಫ್ರೀ ಅದೀನಿ," ಎಂದು ಮೇಷ್ಟ್ರು ಸೋತ ದನಿಯಲ್ಲಿ ತಾವೇ ಮುಗಿಸಿ ಹತ್ತಿದರು.

ದವಾಖಾನೆ ಕಾಣುವಷ್ಟರಲ್ಲಿ ರಸ್ತೆಯ ಹಂಪೊಂದನ್ನು ಹೊನ್ನೂರಸ್ವಾಮಿ ಗಮನಿಸಲಿಲ್ಲ. ಬೈಕ್ ಒಮ್ಮೆ ಎಗರಿ ಧಡ್ಡೆಂದು ನೆಲ ಮುಟ್ಟಿತು. ಮುದುಕಪ್ಪನ ಸಮಸ್ಯೆ ಅಲ್ಲಿಯೇ ಬಗೆಹರಿಯಿತು. ಡಾಕ್ಟರ ಫೀಸು ಉಳಿಯಿತು. ಮೇಷ್ಟ್ರ ಪ್ಯಾಂಟು ಉಳಿಯಲಿಲ್ಲ.

"ಈಗ ಹಗುರಾತು ನೋಡಪ," ಎಂದ ಮುದುಕಪ್ಪ. "ಮಾಸ್ತರ ಕಾಲ್ಗುಣ ಚಲೋ ಐತಿ."

ಮನೆಯಲ್ಲಿ ಉಳಿದಿದ್ದ ಕಡೆಯ ಬಕೆಟ್ ನೀರೂ ಆ ಪ್ಯಾಂಟಿಗೆ, ಪ್ಯಾಂಟಿನೊಳಗಿದ್ದ ಮೇಷ್ಟ್ರಿಗೆ ಖರ್ಚಾಯಿತು. ಪಂಚೆ ಸುತ್ತಿಕೊಂಡು ನಳದ ಮುಂದೆ ಕುರ್ಚಿ ಹಾಕಿ ಕೂತರು. ಇನ್ನು ಭೂಮಿ ಬಾಯಿಬಿಟ್ಟರೂ ಏಳುವುದಿಲ್ಲವೆಂದು ಶಪಥ ಮಾಡುತ್ತಿರುವಾಗ ಬಾಗಿಲಲ್ಲಿ ಯರ್ರಿಸ್ವಾಮಿಯೇ ಕಾಣಿಸಿಕೊಂಡ. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಚಾವಿ.

"ಬಿಟ್ಯೇನೋ ನೀರು?"

"ಎಲ್ಲಿ ಬಿಡೋದ್ರಿ ಸರ. ಹರಪನಹಳ್ಳ್ಯಾಗ ಹಿರೇರೊಬ್ರು ತೀರ್ಕಂಡಾರ, ಮಣ್ಣಿಗೆ ಹೋಗಬೇಕು. ನೀವು ಫ್ರೀ ಅದೀರಂತ ಓಣಿ ತುಂಬ ಸುದ್ದಿ. ಈ ಚಾವಿ ಹಿಡೀರಿ. ವಾಲ್ವ್ ತಿರುವಿದ್ರ ಮುಗೀತು, ಸಣ್ಣ ಹುಡುಗ್ರೂ ಮಾಡ್ತಾವು."

ಚಾವಿ ಕೈಗೆ ಬಂದದ್ದೇ ತಡ, ಮೇಷ್ಟ್ರಿಗೆ ತುಂಗಭದ್ರಾ ಡ್ಯಾಮಿನ ಗೇಟುಗಳೆಲ್ಲ ತಮ್ಮ ಹೆಸರಿಗೆ ಬಂದಂತಾಯಿತು. ಇನ್ನು ಕಾಯುವ ಮಾತೇ ಇಲ್ಲ! ತಾವೇ ಬಿಟ್ಟು, ತಾವೇ ಹಿಡಿದುಕೊಳ್ಳುವುದು. ಮನೆಗೆ ಬೀಗ ಜಡಿದು ಓಣಿಯ ತುದಿಗೆ ಓಡಿ, ಗುಂಡಿಗೆ ಚಾವಿ ಇಳಿಸಿ ತಿರುಗಿಸಿದರು. ಪೈಪು ಬುಸ್ಸೆಂದಿತು. ಓಣಿಯಲ್ಲಿ ಕೊಡಗಳ ಸದ್ದು ಎದ್ದಿತು.

ಮೇಷ್ಟ್ರು ಕೈ ಬಿಟ್ಟು ಮನೆಯತ್ತ ಹತ್ತು ಹೆಜ್ಜೆ ಓಡಿರಬಹುದು.

"ಸರಾ! ನೀರು ನಿಂತೋತು!"

ತಿರುಗಿ ನೋಡಿದರೆ ಚಾವಿ ತಾನಾಗಿ ತಿರುಗಿ ವಾಲ್ವ್ ಮುಚ್ಚಿಕೊಂಡಿತ್ತು. ತಿರುಪು ಸವೆದ ಹಳೆಯ ವಾಲ್ವ್. ಒಬ್ಬರು ಎರಡೂ ಕೈಯಿಂದ ಒತ್ತಿ ಹಿಡಿದೇ ನಿಲ್ಲಬೇಕು. ಕಲ್ಲು ಕೊಟ್ಟು ನೋಡಿದರು. ಚಾವಿ ಕತ್ತೆಯಂತೆ ಒದ್ದು ಅದನ್ನು ಚರಂಡಿಗೆ ಕೆಡವಿತು. ಬೇರೆ ದಾರಿಯಿಲ್ಲದೆ ಹಿಡಿದು ನಿಂತು ಕೂಗಿದರು.

"ಹಂಪಕ್ಕ! ಇದನ್ನೊಂದೀಟು ಹಿಡ್ಕಳ್ರಿ!"

"ಅಯ್ಯ, ನಾನೆಲ್ಲಿ ಫ್ರೀ ಅದೀನ್ರಿ ಸರ? ನೀರು ಬಂದೈತಿ!"

"ಹೊನ್ನೂರಸ್ವಾಮಿ! ನೀನಾದ್ರೂ ಬಾರೋ!"

"ಅಪ್ಪನ್ನ ತೊಳಿಯಾಕತ್ತೀನ್ರಿ! ಆಮ್ಯಾಲ ಬೈಕ್! ಫ್ರೀ ಆದ ಕೂಡ್ಲೆ ಬಂದೆ!"

ಯಾರೂ ಫ್ರೀ ಆಗಲಿಲ್ಲ. ಕೊಡ ತುಂಬಿದವರು ಡ್ರಮ್ಮು ತುಂಬಿದರು, ಡ್ರಮ್ಮು ತುಂಬಿದವರು ಎಮ್ಮೆ ತೊಳೆದರು, ಎಮ್ಮೆಯಿಲ್ಲದವರು ಅಂಗಳಕ್ಕೆ ನೀರು ಹೊಡೆದರು. ಮೇಷ್ಟ್ರ ಪಂಚೆ ಎರಡು ಸಲ ಸಡಿಲಾಯಿತು. ಕೈ ಬಿಡುವಂತಿಲ್ಲದ್ದರಿಂದ ಮೊಣಕಾಲುಗಳಿಂದಲೇ ಮಾನ ಉಳಿಸಿಕೊಂಡರು. ಹೊತ್ತು ಇಳಿಯುವಾಗ ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಊರ ಟ್ಯಾಂಕು ಖಾಲಿ.

"ಇಷ್ಟು ಹೊತ್ತು ಯಾವತ್ತೂ ಬಂದಿದ್ದಿಲ್ಲ ಬಿಡ್ರಿ," ಎಂದು ಹಂಪಕ್ಕ ಸರ್ಟಿಫಿಕೇಟು ಕೊಟ್ಟಳು.

ಚಾವಿಯನ್ನು ಯರ್ರಿಸ್ವಾಮಿಯ ಮನೆಯಲ್ಲಿ ಎಸೆದು ಬರೋಣವೆಂದು ಮೇಷ್ಟ್ರು ಅದೇ ಓಣಿಯ ಹಿಂದಿನ ಸಾಲಿನ ಮನೆಗಳತ್ತ ಹೋದರು. ಅಂಗಳದಲ್ಲಿ ಡ್ರಮ್ಮು, ಕೊಡ, ಪಾತ್ರೆ, ಕಡೆಗೆ ಚಹಾದ ಲೋಟಗಳೂ ತುಂಬಿ ತುಳುಕುತ್ತಿದ್ದವು. ನಡುವಿನ ಕಲ್ಲಿನ ಮೇಲೆ, ಮಣ್ಣಿಗೆ ಹೋಗಿದ್ದ ಯರ್ರಿಸ್ವಾಮಿ ತಲೆತುಂಬ ಸೋಪು ಹಚ್ಚಿಕೊಂಡು ಕೂತಿದ್ದ.

"ಲೇ! ಹರಪನಹಳ್ಳಿಗೆ ಹೋಗಿದ್ಯಲ್ಲೋ?"

"ಸುಳ್ಳು ಹೇಳಿದೆ ಸರ, ಸಿಟ್ಟಾಗಬ್ಯಾಡ್ರಿ." ಯರ್ರಿಸ್ವಾಮಿ ಒಂದು ಕಣ್ಣು ತೆರೆದ. "ನಮ್ ಹೆಂಡ್ತಿ ಮಂಜಮ್ಮ ಕೂಲಿಗೆ ಹೋಗ್ತಾಳ, ನಾನು ಆ ವಾಲ್ವ್ ತಬ್ಕಂಡು ನಿಂದರ್ತೀನಿ. ನಮ್ಮನಿ ನಳ ತಿರುವೋರು ಯಾರ್ರಿ? ಈ ನೌಕರಿಗೆ ಸೇರಿದಾಗಿಂದ ನಮ್ಮನಿಗೆ ಒಂದು ಹನಿ ಬಂದಿಲ್ಲ. ಫ್ರೀ ಇರೋ ಮನಷ್ಯಾ ಸಿಕ್ಕಿದ್ದು ಇವತ್ತೇ ನೋಡ್ರಿ."

ಮೇಷ್ಟ್ರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಬಸ್‌ಸ್ಟ್ಯಾಂಡಿಗೆ ಬಂದ್ವಿ," ಎಂದಳು ಸುಜಾತಾ. ಅವಳ ಹಿಂದೆ ಜೇನುಗೂಡು ಕಲಕಿದಂತೆ ಹೆಂಗಸರ ದನಿ.

ಮೇಷ್ಟ್ರು ಫೋನನ್ನು ಅಂಗೈಯಿಂದ ಮುಚ್ಚಿದರು. "ಯರ್ರಿಸ್ವಾಮಿ, ನಾಲ್ಕು ಕೊಡ ನೀರು ಕೊಡೋ. ಮರ್ಯಾದಿ ಪ್ರಶ್ನೆ."

"ನಾಲ್ಕ್ಯಾಕ್ರಿ? ಡ್ರಮ್ಮನ್ನೇ ಒಯ್ರಿ. ನಾನೇ ಹೊತ್ತು ಹಾಕ್ತೀನಿ." ಅವನು ಚೊಂಬು ಎತ್ತಿ ನಿಧಾನವಾಗಿ ತಲೆಯ ಮೇಲೆ ಸುರಿದುಕೊಂಡ. "ಮುಂದಿನ ಶನಿವಾರಾನೂ ನೀವು ಫ್ರೀ, ಹೌದಿಲ್ಲ?"

"ಟ್ಯಾಂಕ್ ತುಂಬೀರಿ, ಹೌದಿಲ್ಲ?" ಎಂದಿತು ಫೋನು.

"ಹೂಂ," ಎಂದರು ಮೇಷ್ಟ್ರು, ಇಬ್ಬರಿಗೂ ಸೇರಿಸಿ.