ಕಂಡವರೆಲ್ಲ ಕಂಡ ಕೋಟು

ಮಳೆಗಾಲದಲ್ಲಿ ಸೈಕಲ್ ತುಳಿಯುವವನಿಗೆ ಕೊಡೆಗಿಂತ ಮಿಗಿಲಾದ ಮಿತ್ರನಿಲ್ಲ ಎಂಬುದು ನನ್ನ ಅಚಲವಾದ ನಂಬಿಕೆಯಾಗಿತ್ತು. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಹ್ಯಾಂಡಲು, ಬ್ರೇಕು ದೇವರ ಕೈಯಲ್ಲಿ. ಮೂಡುಬಿದಿರೆಯ ರಸ್ತೆಗಳಲ್ಲಿ ಹೀಗೆಯೇ ನಾನು ಹಲವು ಮಳೆಗಾಲಗಳನ್ನು ಗೌರವದಿಂದ ದಾಟಿದ್ದೆ. ಈ ಸಲ ಒಂದು ಬಸ್ಸು ಬಂತು. ಬಸ್ಸು ನನ್ನನ್ನು ಮುಟ್ಟಲಿಲ್ಲ. ಅದರ ಗಾಳಿ ಕೊಡೆಯನ್ನು ಮುಟ್ಟಿತು. ಕೊಡೆ ಮೇಲಕ್ಕೆ ಮಗುಚಿತು, ನಾನು ಚರಂಡಿಗೆ ಇಳಿದೆ, ಸೈಕಲು ನನ್ನ ಮೇಲೆ ಇಳಿಯಿತು.

ಡ್ರೈವರು ಬಸ್ಸು ನಿಲ್ಲಿಸಿ ತಲೆ ಹೊರಗೆ ಹಾಕಿದ. "ಎಂತ ಮಾರಾಯ್ರೆ! ಕಪ್ಪು ಕೊಡೆ, ಕಪ್ಪು ಸೈಕಲ್, ಮೇಲೆ ಕಪ್ಪು ಮೋಡ! ನಾನು ಎಂತದ್ದನ್ನು ಅಂತ ನೋಡುವುದು?"

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನನ್ನ ಹೆಂಡತಿ ಸುಮತಿ ಜಗಲಿಯಲ್ಲೇ ತೀರ್ಪು ಕೊಟ್ಟಳು.

"ದೂರದಿಂದ ಕಾಣುವಂಥ ಮಳೆಕೋಟು ತನ್ನಿ. ಇಲ್ಲದಿದ್ದರೆ ಗುಜರಿಯವ ಬಂದಾಗ ಸೈಕಲ್ ಎತ್ತಿ ಕೊಡ್ತೇನೆ. ಮತ್ತೆ ನನ್ನನ್ನು ಕೇಳ್ಬೇಡಿ."

ಸೈಕಲು ಹೋದರೆ ಹೋಗಲಿ ಎಂದು ನೀವು ಹೇಳಬಹುದು. ಅದು ಬರಿಯ ಸೈಕಲು ಆಗಿದ್ದರೆ ನಾನೂ ಹೇಳುತ್ತಿದ್ದೆ. ಸಹಕಾರಿ ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ದಿನಾ ಸೈಕಲ್ ತುಳಿಯಿರಿ, ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಮೊದಲನೆಯ ಆಜ್ಞೆಯನ್ನು ನಾನು ಶಿರಸಾವಹಿಸಿ ಪಾಲಿಸಿದೆ. ದಿನಾ ಸಂಜೆ ತೋಡಾರಿನವರೆಗೆ ತುಳಿದೆ. ತೋಡಾರಿನಲ್ಲಿ ಒಂದು ಹೋಟೆಲು ಉಂಟು. ಆ ಹೋಟೆಲಿನಲ್ಲಿ ಸಂಜೆ ಹೊತ್ತಿಗೆ ಬಿಸಿಬಿಸಿ ಗೋಳಿಬಜೆ ಉಂಟು. ಎರಡನೆಯ ಆಜ್ಞೆಯ ಕುರಿತು ಇದಕ್ಕಿಂತ ಹೆಚ್ಚಿನ ವಿವರಣೆ ಅನಗತ್ಯ.

ನಾವು ಜೈನರು; ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ನಮ್ಮ ಮನೆಯ ಕ್ರಮ. ಈ ಕ್ರಮವನ್ನು ನಾನು ಗೋಳಿಬಜೆಯ ವಿಷಯದಲ್ಲೂ ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ. ಆದರೆ ಗೋಳಿಬಜೆ ತಿಂದು ಬಂದವನಿಗೆ ಮನೆಯ ಚಪಾತಿ ಇಳಿಯುವುದಿಲ್ಲ. "ಇಷ್ಟು ಸೈಕಲ್ ತುಳಿದರೂ ಇವರಿಗೆ ಹಸಿವೇ ಇಲ್ಲ" ಎಂದು ಸುಮತಿ ಡಾಕ್ಟರರಲ್ಲಿ ಕಣ್ಣು ತುಂಬಿಕೊಂಡು ಹೇಳಿದ್ದಳು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ.

ಹಾಗಾಗಿ ಸೈಕಲು ನಿಂತ ದಿನದಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಸಂಜೆಯಾದರೆ ಕಾಲು ತಾನಾಗಿ ತುಳಿಯತೊಡಗುತ್ತಿತ್ತು. ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ.

"ಎಂತ, ಬೆಕ್ಕು ಮರಿ ಹಾಕುವ ಜಾಗ ಹುಡುಕುವ ಹಾಗೆ?" ಎಂದಳು ಸುಮತಿ.

ಪಕ್ಕದ ಮನೆಯ ಜಯಣ್ಣ ಮೊಬೈಲಿನಲ್ಲಿ ಸೈಕಲಿನವರದ್ದೇ ಆದ ಕೋಟು ತೋರಿಸಿದ. ಹೊಳೆಯುತ್ತಿತ್ತು, ನೀರು ತಾಗುವುದಿಲ್ಲವಂತೆ, ಗಾಳಿ ಆಡುತ್ತದಂತೆ. ಬೆಲೆ ನೋಡಿದೆ.

"ಈ ಕೋಟು ತೆಗೊಂಡರೆ ಸೈಕಲ್ ಫ್ರೀಯಾ ಜಯಣ್ಣ?"

"ಇಲ್ಲ ಮಾರಾಯ್ರೆ, ಕೋಟು ಮಾತ್ರ."

ನಾನು ಮೊಬೈಲನ್ನು ಜಾಗ್ರತೆಯಿಂದ ಹಿಂದೆ ಕೊಟ್ಟೆ.

ನಮ್ಮ ಪೇಟೆಯ ಅಂಗಡಿಗೆ ಹೋದೆ. ಅಗ್ಗದ ಮಳೆಕೋಟುಗಳಿಗೆ ಬರವಿರಲಿಲ್ಲ. ಕಪ್ಪು, ಕಡುನೀಲಿ, ಮತ್ತೆ ಕಪ್ಪು.

"ಇದನ್ನೇ ತೆಗೊಳ್ಳಿ ಸರ್, ಎಷ್ಟು ಹಾಕಿದರೂ ಕೊಳೆ ಕಾಣುವುದಿಲ್ಲ" ಎಂದ ಅಂಗಡಿಯವ.

"ಒಳಗಿರುವ ನಾನೂ ಕಾಣುವುದಿಲ್ಲವಲ್ಲ!" ಎಂದು ಹೊರಬಿದ್ದೆ.

ಬಂಟ್ವಾಳಕ್ಕೆ ಬಸ್ಸು ಹತ್ತಿದೆ. ಅಲ್ಲಿಯ ಅಂಗಡಿಯೊಂದರಲ್ಲಿ ರಸ್ತೆ ಕೆಲಸದವರು ಹಾಕುವ ಹಳದಿ ಕೋಟು ಗಾಜಿನ ಹಿಂದೆ ಮಡಚಿ ಇಟ್ಟದ್ದು ಕಂಡಿತು. ಬೆಲೆಯೂ ಕೈಗೆಟಕುವಂತಿತ್ತು. ಆದರೂ ಗುಮಾಸ್ತನಾಗಿದ್ದವನು ನಾನು, ವಿಚಾರಿಸದೆ ಕೊಳ್ಳುವವನಲ್ಲ.

"ಮಳೆ ನೀರು ಹೇಗೆ?"

"ನೀರು ಇದರಲ್ಲಿ ನಿಲ್ಲುವುದೇ ಇಲ್ಲ ಸರ್!"

ಇದಕ್ಕಿಂತ ಹೆಚ್ಚಿನ ಭರವಸೆ ಯಾರು ಕೊಡುತ್ತಾರೆ? ಪೊಟ್ಟಣ ಕಟ್ಟಿಸಿ ತಂದೆ. ಮನೆಯಲ್ಲಿ ಸುಮತಿ ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಕೋಟಿನ ಈಚೆಯಿಂದ ಅವಳ ಮುಖ ಪೂರ್ತಿ ಕಾಣಿಸಿತು. ತೋಳಿಲ್ಲ, ಮೈಯೆಲ್ಲ ತೂತು! ನೀರು ನಿಜಕ್ಕೂ ನಿಲ್ಲುತ್ತಿರಲಿಲ್ಲ. ಸೀದಾ ಒಳಗೆ ಹೋಗುತ್ತಿತ್ತು.

"ನಮ್ಮ ಮನೆಯಲ್ಲಿ ಮೀನು ಹಿಡಿಯುವವರು ಯಾರೂ ಇಲ್ಲವಲ್ಲ," ಎಂದಳು ಅವಳು ಶಾಂತವಾಗಿ, "ಈ ಬಲೆ ಯಾಕೆ?"

ಕೊನೆಗೆ ಕೋಟನ್ನು ಕಂಡುಹಿಡಿದವಳು ಅವಳೇ. ಕಕ್ಕಿಂಜೆಯ ಅವಳ ಅಕ್ಕನ ಮನೆಗೆ ಹೋಗಿ ಬರುತ್ತಿದ್ದೆವು. ಬೆಳ್ತಂಗಡಿ ಪೇಟೆಯಲ್ಲಿ ಬಸ್ಸು ಇನ್ನೂ ಓಡುತ್ತಿರುವಾಗಲೇ ನನ್ನ ಪಕ್ಕೆಗೆ ತಿವಿದಳು. "ಅಗೋ! ಅಗೋ ನೋಡಿ! ಬಸ್ಸಿನಿಂದಲೇ ಕಂಡಿತು! ಇಳಿಯುವ!"

ಕಾಣದಿರುವುದು ಸಾಧ್ಯವೇ ಇರಲಿಲ್ಲ. ಗಿಳಿಯ ಹಸಿರೂ ಅಲ್ಲದ ಲಿಂಬೆಯ ಹಳದಿಯೂ ಅಲ್ಲದ, ಎರಡೂ ಜಗಳಾಡಿದಂಥ ಬಣ್ಣ. ಎದೆಗೆ, ಬೆನ್ನಿಗೆ, ತೋಳಿಗೆ ಬೆಳಕು ಬಿದ್ದರೆ ಉರಿಯುವ ಬೆಳ್ಳಿ ಪಟ್ಟಿ. ಒಳಗಡೆ ಜಿಪ್ಪು ಇರುವ ಒಂದು ಕಿಸೆ. ಈ ಬಣ್ಣವನ್ನು ಯಾರೂ ಕೊಳ್ಳದ ಕಾರಣ ಅಂಗಡಿಯವ ಅರ್ಧ ಬೆಲೆಗೆ ಕೊಟ್ಟ. ಮನೆಯಲ್ಲಿ ಸುಮತಿ ನನಗೆ ಅದನ್ನು ತೊಡಿಸಿ ಬಚ್ಚಲಲ್ಲಿ ನಿಲ್ಲಿಸಿ ತಲೆಯ ಮೇಲೆ ಕೊಡಪಾನ ನೀರು ಹೊಯ್ದಳು. ಒಂದು ಹನಿ ಒಳಗೆ ಬರಲಿಲ್ಲ. ಸೈಕಲನ್ನು ಗುಜರಿಗೆ ಕೊಡುವ ತೀರ್ಪು ರದ್ದಾಯಿತು!

ಮರುದಿನ ಸಂಜೆ ನಾನು ತೋಡಾರಿನ ದಾರಿಯಲ್ಲಿ ಮೆರವಣಿಗೆ ಹೊರಟೆ. ಬಸ್ಸುಗಳು ದಾರಿ ಬಿಟ್ಟವು. ನಾಯಿಗಳು ಬೊಗಳುವುದನ್ನು ಮರೆತು ನೋಡಿದವು. ಹೋಟೆಲು ತಲುಪಿದಾಗ ಕೋಟಿನಿಂದ ನೀರು ಸುರಿಯುತ್ತಿತ್ತು. ಒಳಗೆ ಒದ್ದೆಯಾಗುವುದು ಬೇಡವೆಂದು ಸಭ್ಯತೆಯಿಂದ ಎದುರಿನ ಕಂಬಕ್ಕೆ ತೂಗುಹಾಕಿ, ನಾನು ಎಂದಿನಂತೆ ಹಿಂದಿನ ಬೆಂಚಿನ ಕತ್ತಲಲ್ಲಿ ಅಡಗಿ ಕುಳಿತೆ.

ನಾನು ಅಡಗಿದ್ದೆ. ಕೋಟು ಅಡಗಿರಲಿಲ್ಲ. ಮಳೆಮೋಡದ ಮಬ್ಬಿನಲ್ಲಿ ಬಂದುಹೋದ ಪ್ರತಿ ವಾಹನದ ಬೆಳಕಿಗೂ ಅದು ಧಗ್ಗನೆ ಉರಿದು "ಇಲ್ಲಿದ್ದಾರೆ, ಇಲ್ಲಿದ್ದಾರೆ" ಎಂದು ಸಾರುತ್ತಿತ್ತು.

ಬೆಳಿಗ್ಗೆ ಜಯಣ್ಣ ಬಂದವನೇ ಸುಮತಿಯ ಎದುರಲ್ಲೇ ಶುರು ಮಾಡಿದ. "ಒಳ್ಳೆ ಕೋಟು ಮಾರಾಯ್ರೆ! ನಿನ್ನೆ ಬಸ್ಸಲ್ಲಿ ಬರುವಾಗ ತೋಡಾರಿನ ಹೋಟೆಲಿನ ಎದುರು ನೇತಾಡ್ತಾ ಇತ್ತು. ಒಂದು ಮೈಲಿಗೆ ಕಾಣ್ತಿತ್ತು!"

"ಹೋಟೆಲಿಗೆ ಯಾಕೆ ಹೋದದ್ದು?" ಎಂದಳು ಸುಮತಿ.

"ಮಳೆ ಜೋರಿತ್ತು. ನಿಂತೆ."

"ಮಳೆಕೋಟು ಇರುವವರು ಮಳೆಗೆ ಯಾಕೆ ನಿಲ್ಲುವುದು? ನಿಂತರೂ ಕೋಟು ಯಾಕೆ ತೆಗೆದದ್ದು?"

ನನ್ನ ಬುದ್ಧಿ ಇಂಥ ಹೊತ್ತಿನಲ್ಲೇ ಕೈಕೊಡುವುದು. "ಕೋಟು ಒದ್ದೆಯಾಗಬಾರದು ಅಂತ" ಎಂದುಬಿಟ್ಟೆ!

ಅವಳು ಒಮ್ಮೆ ಕೋಟನ್ನು, ಒಮ್ಮೆ ನನ್ನನ್ನು ನೋಡಿ ಒಳಗೆ ಹೋದಳು.

ಆ ದಿನವಿಡೀ ಚಡಪಡಿಸಿ ಒಂದು ಉಪಾಯ ಹೂಡಿದೆ. ಸಂಜೆ ಪೇಟೆ ದಾಟಿದ ಕೂಡಲೇ ಕೋಟು ಕಳಚಿ, ಸುತ್ತಿ, ಚೀಲಕ್ಕೆ ತುರುಕಿ, ಬರಿಯ ಅಂಗಿಯಲ್ಲೇ ಮಳೆಗೆ ಮೈಯೊಡ್ಡಿಕೊಂಡು ಅಗೋಚರನಾಗಿ ತೋಡಾರು ತಲುಪಿದೆ. ಬೆಂಚಿನಲ್ಲಿ ಕುಳಿತೆ, ಆದರೆ ಬಸ್ಸೊಂದು ನಿಂತರೂ ತಲೆ ತಗ್ಗಿಸಿ ಇಣುಕುತ್ತಿದ್ದೆ. ಜಯಣ್ಣನೋ? ಅವಳೋ? ತಿನ್ನಲಾಗಲಿಲ್ಲ. "ಕಟ್ಟಿ ಕೊಡು ಮಾರಾಯ" ಎಂದು ಗೋಳಿಬಜೆಯನ್ನು ಪೇಪರಿನಲ್ಲಿ ಸುತ್ತಿಸಿ, ಒದ್ದೆಯಾಗದ ಏಕೈಕ ಸ್ಥಳವಾದ ಕೋಟಿನ ಒಳಕಿಸೆಗೆ ಹಾಕಿ ಜಿಪ್ಪು ಎಳೆದೆ. ದಾರಿಯಲ್ಲಿ ಎಲ್ಲಾದರೂ ನಿಂತು ತಿನ್ನುವ ಅಂತ. ಎಲ್ಲಿ ನಿಂತರೂ ಯಾರಾದರೂ ನಿಂತಿದ್ದರು. ಕೊನೆಗೆ ಮನೆಯ ತಿರುವಿನಲ್ಲಿ, ತೊಯ್ದು ತೊಪ್ಪೆಯಾದ ಮೈಯ ಮೇಲೆ ಕೋಟು ಏರಿಸಿ, ಸುರಿಯುವ ಮಳೆಯಲ್ಲಿ ಅಂಗಳ ಪ್ರವೇಶಿಸಿದೆ.

ಸುಮತಿ ಕೋಟು ಬಿಚ್ಚಿಸಿದಳು. ಒಳಗಿನಿಂದ ನೀರು ಧಾರೆಯಾಗಿ ಇಳಿಯಿತು.

"ಅಯ್ಯೋ! ಹೊರಗೂ ನೀರು, ಒಳಗೂ ನೀರು! ಇದು ಕೋಟಾ, ಜರಡಿಯಾ?"

ಆ ಕೋಟು ನಿರಪರಾಧಿ ಎಂದು ಸಾಕ್ಷಿ ಹೇಳಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ. ಸಾಕ್ಷಿದಾರ ತಲೆ ಒರೆಸಿಕೊಳ್ಳುತ್ತಿದ್ದ.

"ನಾಳೆ ಬೆಳಿಗ್ಗೆಯೇ ಬೆಳ್ತಂಗಡಿಗೆ ಹೋಗುವ. ನಮಗೆ ಟೋಪಿ ಹಾಕಿದ್ದಾನೆ ಅವ."

ಹಿಂದಿರುಗಿಸುವುದು ಬೇಡ, ಪಾಪ, ನಾನೇ ಹೇಗಾದರೂ ಸುಧಾರಿಸುತ್ತೇನೆ ಎಂದೆಲ್ಲ ಹೇಳಿದೆ. "ನೀವು ತುಂಬಾ ಪಾಪದವರು" ಎಂದು ಅವಳು ಕರಗಿದಳೇ ಹೊರತು ಜಗ್ಗಲಿಲ್ಲ. ಇಷ್ಟೆಲ್ಲ ಗಡಿಬಿಡಿಯಲ್ಲಿ ನಾನು ಒಂದು ವಿಷಯ ಪೂರ್ತಿ ಮರೆತೆ.

ಬೆಳ್ತಂಗಡಿಯ ಅಂಗಡಿಯವನಿಗೆ ಅವಮಾನವಾಯಿತು. "ನನ್ನ ಅಂಗಡಿಯ ಕೋಟು ಸೋರುವುದಾ ಅಕ್ಕ? ಎಲ್ಲರೆದುರೇ ನೋಡುವ!" ಎಂದು ಕೋಟನ್ನು ಜೋಳಿಗೆಯ ಹಾಗೆ ಅಗಲಿಸಿ, ಒಂದು ಕಡೆ ನನಗೆ ಹಿಡಿಸಿ, ಒಂದು ಕಡೆ ತಾನು ಹಿಡಿದು, ನಡುವೆ ಒಂದು ಬಾಲ್ದಿ ನೀರು ಹೊಯ್ಯಿಸಿದ. ಬಸ್ಸಿಗೆ ಕಾದವರೆಲ್ಲ ಸುತ್ತ ಸೇರಿದರು. ಎಲ್ಲರೂ ಬಗ್ಗಿ ಅಡಿ ನೋಡಿದರು. ಒಂದು ಹನಿ ಬೀಳಲಿಲ್ಲ!

"ಇಷ್ಟೇ ಅಲ್ಲ ಅಕ್ಕ," ಎಂದು ನೀರು ಚೆಲ್ಲಿ ವಿಜಯೋತ್ಸಾಹದಲ್ಲಿ ಕೋಟನ್ನು ಅವಳ ಮುಂದೆ ಹಿಡಿದ, "ಒಳಗಿನ ಕಿಸೆ ಉಂಟಲ್ಲ, ಅದಕ್ಕೆ ಸಹ ನೀರು ಹೋಗುವುದಿಲ್ಲ. ಕೈ ಹಾಕಿ ನೋಡಿ."

ಆಗ ನನಗೆ ನೆನಪಾಯಿತು. ಸುಮತಿ ಜಿಪ್ಪು ಎಳೆದಾಗಿತ್ತು.

ಪೊಟ್ಟಣ ಹೊರಬಂತು. ಅವಳು ನಿಧಾನವಾಗಿ ಬಿಡಿಸಿದಳು. ದುಂಡಗೆ, ಕೆಂಪಗೆ, ಹನಿ ನೀರೂ ತಾಗದೆ ಕುಳಿತಿದ್ದವು ಗೋಳಿಬಜೆಗಳು.

"ನೋಡಿ ಅಕ್ಕ!" ಅಂಗಡಿಯವ ಕುಣಿದೇ ಬಿಟ್ಟ. "ಪೇಪರು ಸಹ ಒದ್ದೆಯಾಗಲಿಲ್ಲ!"

ಸುಮತಿ ನನ್ನ ಕಡೆ ತಿರುಗಿದಳು. "ಎಲ್ಲಿಯದ್ದು?"

ಸತ್ಯವೇ ಧರ್ಮ. "ತೋಡಾರಿನದ್ದು" ಎಂದೆ.

ಕಂಬಕ್ಕೆ ನೇತಾಡಿದ ಕೋಟು, ಇಳಿಯದ ಚಪಾತಿ, ಇಳಿಯದ ಸಕ್ಕರೆ, ಒಂದೊಂದೇ ಅವಳ ಮುಖದಲ್ಲಿ ಜೋಡಿಯಾಗುವುದನ್ನು ನಾನು ನಿಂತು ನೋಡಿದೆ. ಅವಳು ಪೊಟ್ಟಣವನ್ನು ಅಂಗಡಿಯವನ ಕೈಗಿಟ್ಟಳು.

"ನಿಮ್ಮ ಕೋಟು ಸರಿ ಉಂಟು. ಒಳಗೆ ಹಾಕಿದ ಸಾಮಾನೇ ಸರಿ ಇಲ್ಲ" ಎಂದು ನನ್ನನ್ನು ತೋರಿಸಿದಳು.

ಸೈಕಲು ಗುಜರಿಗೆ ಹೋಗಲಿಲ್ಲ. ಡಾಕ್ಟರರ ಆಜ್ಞೆ ಉಂಟಲ್ಲ! ಈಗ ನಾನು ದಿನಾ ಸಂಜೆ ಅದೇ ಕೋಟು ತೊಟ್ಟು ಮನೆಯ ಸುತ್ತಲಿನ ಓಣಿಯಲ್ಲೇ ತುಳಿಯುತ್ತೇನೆ. "ದಾರಿ ತಪ್ಪಿತಾ ಮಾರಾಯ್ರೆ?" ಎಂದು ಜಯಣ್ಣ ಪ್ರತಿ ಸುತ್ತಿಗೂ ಕೇಳುತ್ತಾನೆ. ತೋಡಾರಿನ ಗಾಳಿ ಬೀಸಿದಾಗ ಕಾಲು ಸ್ವಲ್ಪ ನಿಧಾನವಾಗುತ್ತದೆ. ಕೂಡಲೇ ಮಾಳಿಗೆಯ ಕಿಟಕಿಯಿಂದ ಸ್ವರ ಬರುತ್ತದೆ:

"ಕಾಣ್ತದೆ, ಕಾಣ್ತದೆ! ಇನ್ನೊಂದು ಸುತ್ತು ಬನ್ನಿ!"