ಮಾವನವರ ಕೆಂಪು ಬಾಳೆ ಮತ್ತು ನನ್ನ ಅಳತೆ ಟೇಪು

ಹಣ್ಣನ್ನು ಹೊಲದಿಂದ ಅಂಗಡಿಗೆ ತರುವುದರಲ್ಲಿ ಏನು ಮಹಾ ಕಷ್ಟವಿದೆ ಎಂದುಕೊಂಡಿದ್ದೆ. ಕಲಬುರಗಿಯ ಹೊಸ ಸೂಪರ್ ಮಾರ್ಕೆಟ್ಟಿನ ಹಣ್ಣು-ತರಕಾರಿ ವಿಭಾಗಕ್ಕೆ ನಾನು ಮ್ಯಾನೇಜರ್ ಆಗಿ ಎರಡು ವಾರವಾಗಿತ್ತು. ಅದಕ್ಕೂ ಮುಂಚೆ ಮೊಬೈಲ್ ಕವರ್ ಮಾರುತ್ತಿದ್ದೆ. ಅವು ಕೊಳೆಯುವುದಿಲ್ಲ.

ಕಮಲಾಪುರದಲ್ಲಿ ನಮ್ಮ ಮಾವನವರ ಕೆಂಪು ಬಾಳೆ ಬಲಿತು ನಿಂತಿತ್ತು. "ದಲ್ಲಾಳಿ ಬ್ಯಾಡ್ರಿ, ಸೀದಾ ನಮ್ಮ ಅಂಗಡಿಗಿ ಕೊಡ್ರಿ," ಎಂದೆ. ಮಾವ ಹಿಗ್ಗಿದರು.

"ಐತಾರ ನಮ್ಮೂರ ನಾಕು ಹಿರೇರನ್ನ ಕರ್ಕೊಂಡು ಬರ್ತೀನ್ರಿ. ನನ್ನ ಬಾಳಿಹಣ್ಣು ಗಾಜಿನ ಅಂಗಡ್ಯಾಗ ಕುಂತದ್ದು ಅವರೂ ನೋಡ್ಲಿ."

ನಾನು ಟೇಪು ಹಿಡಿದು ಕಾಯಿಗಳನ್ನು ಅಳೆದೆ. ಹೌದು, ಟೇಪು! ಸೊಟ್ಟಗಿದ್ದ ಆರು ಗೊನೆಗಳನ್ನು ಗುಣಮಟ್ಟಕ್ಕೆ ತಕ್ಕವಲ್ಲವೆಂದು ತಿರಸ್ಕರಿಸಿ, ಬೆರೆಯದಂತೆ ಗುರುತು ಕಟ್ಟಲು ಅಪ್ಪಣೆ ಕೊಡಿಸಿದೆ. ಮಾವ ತಮ್ಮ ಹಳೇ ಹಳದಿ ರುಮಾಲು ಹರಿದು ಒಂದೊಂದು ಚಿಂದಿ ಕಟ್ಟಿದರು.

ಆಯ್ದ ಗೊನೆಗಳು ಅಂಗಡಿಯ ಥಂಡಿ ಕೋಣೆ ಸೇರಿದವು.

"ಕಾಯಿ ಬಾಳಿ ಥಂಡ್ಯಾಗ ಇಟ್ರ ಹಣ್ಣಾಗ್ತಾವೇನ್ರಿ?" ಎಂದಳು ಹೆಂಡತಿ ಸುವರ್ಣ.

"ಸೇಬು ಇಟ್ಟಿಲ್ಲೇನು? ಹಣ್ಣು ಕೆಡದಂಗ ಥಂಡ್ಯಾಗ ಇಡೋ ಕೋಲ್ಡ್ ಚೈನ್ ನಿನಗ ತಿಳಿಯಂಗಿಲ್ಲ."

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬಾಳೆ ಕರ್ರಗಾಗಿತ್ತು, ಒಳಗೆ ಮಾತ್ರ ಕಲ್ಲು. ಮಾವ ಆಗಲೇ ಬಸ್ಸು ಹತ್ತಿದ್ದರು.

ಅಂಗಡಿ ಎದುರಿನ ಮಹಬೂಬಣ್ಣನ ಬಂಡಿಯಲ್ಲಿ ಕೆಂಪು ಬಾಳೆ ಘಮಘಮ ಎನ್ನುತ್ತಿತ್ತು. ಓಡಿಹೋಗಿ ಗೊನೆ ಸಮೇತ ಅಷ್ಟನ್ನೂ ಕೊಂಡೆ.

"ಥಂಡ್ಯಾಗ ಇಟ್ಟಿದ್ರೇನ್ರಿ ಸಾಬ್? ಹುಲ್ಲು ಮುಚ್ಚಿ, ಗೋಣಿಚೀಲ ಹೊದಿಸಿ ಬೆಚ್ಚಗ ಇಡಬೇಕ್ರಿ," ಎಂದು ಅವನು ಪುಕ್ಕಟೆ ಪಾಠವನ್ನೂ ಹೇಳಿದ.

ಮಾವ ಹಿರಿಯರೊಡನೆ ಬಂದರು. ನಾನು ಗಾಜಿನೊಳಗೆ ಜೋಡಿಸಿಟ್ಟ ಆ ಹಣ್ಣನ್ನು ಎಲ್ಲರೂ ತಿಂದರು. "ಸಕ್ಕರಿ ಆಗ್ಯಾವ ನೋಡ್ರಿ," ಎಂದರು ಒಬ್ಬರು.

"ಎಲ್ಲಾ ಕೋಲ್ಡ್ ಚೈನ್ ಕರಾಮತ್ತು," ಎಂದೆ ನಾನು, ನಾಚಿಕೆಯಿಲ್ಲದೆ.

ಮಾವ ಗೊನೆಯ ದಿಂಡನ್ನು ಮೆಲ್ಲಗೆ ತಿರುಗಿಸಿದರು. ಹಳದಿ ಚಿಂದಿ!

"ಅಳಿಯಂದ್ರ," ನನಗಷ್ಟೇ ಕೇಳುವಂತೆ ಹೇಳಿದರು, "ಇವು ನೀವು ಬ್ಯಾಡಂದ ಗೊನಿ. ಬಂಡಿ ಮಹಬೂಬಗ ನಾನೇ ಕೊಟ್ಟಿದ್ದೆ."

ಆ ಏಸಿಯಲ್ಲೂ ಬೆವೆತುಹೋದೆ. ಮಾವ ಚಿಂದಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಹಿರಿಯರ ಕಡೆ ತಿರುಗಿದರು. "ನಮ್ಮ ಅಳಿಯಂದ್ರು ಟೇಪು ಹಿಡಿದು ಆರಿಸ್ಯಾರ್ರಿ!"

ಕರ್ರಗಾದ ಬಾಳೆ ನಮ್ಮ ಮನೆಗೆ ಬಂತು. ನಾಲ್ಕು ದಿನವೂ ಬಾಳೆಕಾಯಿ ಪಲ್ಯ. ತಟ್ಟೆಯ ಪಕ್ಕದಲ್ಲಿ ಸುವರ್ಣ ತಪ್ಪದೆ ನನ್ನ ಟೇಪನ್ನೂ ಇಡುತ್ತಿದ್ದಳು.