ಅಗಲವಾದ ಪರದೆ, ಸೊರಗಿದ ಕನ್ಯೆ

ಯಂತ್ರಗಳು ನನ್ನ ಮಾತು ಕೇಳುತ್ತವೆ ಎಂದು ನಾನು ಮನಸಾರೆ ನಂಬಿದ್ದ ಕಾಲವದು. ಪುಣೆಯ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ನಾನು, ಸಹೋದ್ಯೋಗಿ ಕೊಟ್ಟ ಸಿ.ಡಿ.ಯಿಂದ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ಕಾರ್ಯವ್ಯವಸ್ಥೆ ಹಾಕಿದೆ. ಹಳೆಯ ಡಬ್ಬಿಯಂಥ ಮಾನಿಟರ್ ತೆಗೆದು ಅಗಲವಾದ ಹೊಸದನ್ನು ಜೋಡಿಸಿದೆ. ಅದೂ ಯಾರ ಸಹಾಯವೂ ಇಲ್ಲದೆ! ಪರದೆಯ ಮೇಲೆ ಗಣಪತಿಯ ಚಿತ್ರ ಮೂಡಿತು. ಮನೆಮಂದಿಯೆಲ್ಲ ಕೈಮುಗಿದೆವು.

ಅಲ್ಲೇ ಮೋಸವಾಯಿತು. ಹೊಸ ಪರದೆ ಎಲ್ಲವನ್ನೂ ಅಡ್ಡಡ್ಡ ಎಳೆದು ತೋರಿಸುತ್ತಿತ್ತು. ಆದರೆ ಗಣಪತಿ ತುಸು ಅಗಲವಾದರೆ ಆಕ್ಷೇಪಣೆ ಎತ್ತುವವರು ಯಾರು? ಎರಡು ವಾರ ಯಾರಿಗೂ ಏನೂ ಗೊತ್ತಾಗಲಿಲ್ಲ. ಕಚೇರಿಯ ಸಮಾರಂಭದ ನನ್ನ ಫೋಟೋ ತೆರೆದಾಗಲೇ ಗೊತ್ತಾದದ್ದು.

"ಅಯ್ಯ! ಏನ್ರೀ, ನೀವು ಇಷ್ಟ ದಪ್ಪ ಯಾವಾಗ ಆದ್ರಿ?" ಎಂದಳು ಹೆಂಡತಿ ಸುಮಿತ್ರಾ.

"ನಾ ಅಲ್ಲ, ಪರದೆ ಹಂಗ ತೋರಸ್ತದ."

"ಹೌದಲ್ಲ, ಹೋಳಿಗಿ ತಿಂದದ್ದೂ ಪರದೇನ!"

ಇಷ್ಟರಲ್ಲಿ ಧಾರವಾಡದಿಂದ ಅಣ್ಣನ ಫೋನ್ ಬಂತು. ಅವನ ಮಗಳು ವಿದ್ಯಾ ನಮ್ಮಲ್ಲೇ ಇದ್ದು ಪುಣೆಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಬೆಳಗಾವಿಯ ದೇಸಾಯರ ಮಗ, ಇಲ್ಲೇ ಪುಣೆಯ ಹಿಂಜವಾಡಿಯಲ್ಲಿ ಇಂಜಿನಿಯರ್ ಆಗಿರುವ ಪ್ರಸನ್ನನ ಸಂಬಂಧ ಬಂದಿತ್ತು. "ಕುಂಡಲಿ ಕೂಡ್ಯಾವ. ಇನ್ನ ಹುಡುಗಿ ಫೋಟೋ ಒಂದ ಬಾಕಿ. ನಿನ್ನ ಕಡೆ ಕಂಪ್ಯೂಟರ್ ಅದ, ನೀನ ಕಳಸು. ಭಾಳ ಚಲೋ ಮನಿತನ, ಕೈತಪ್ಪಬಾರದು ನೋಡು" ಎಂದ ಅಣ್ಣ. ಹಿಂದಿನ ಎರಡು ಸಂಬಂಧಗಳಿಗೆ ಮೂಗು ಮುರಿದಿದ್ದ ವಿದ್ಯಾ ಈ ಸಲ "ನೋಡೋಣಲ್ಲ" ಎಂದಿದ್ದಳು. ನಮ್ಮ ಮನೆತನದಲ್ಲಿ ಇದು ಅರ್ಧ ಅಕ್ಷತೆ ಬಿದ್ದಂತೆ.

ಸ್ಟುಡಿಯೋದವರು ಸಿ.ಡಿ.ಯಲ್ಲಿ ಕೊಟ್ಟ ಅವಳ ಫೋಟೋ ತೆರೆದೆ. ವಿದ್ಯಾ ಚೀರಿದಳು. "ಕಾಕಾ! ನಾ ಹಿಂಗ ಇದ್ದೀನೇನು?"

"ತಡಿ ಅವ್ವಿ, ಐದು ಮಿನಿಟಿನ ಕೆಲಸ" ಎಂದೆ.

ಪರದೆಯ ಅಳತೆ ಬರೆದಿಟ್ಟಿರುವ ಕಡತವೊಂದು ಲಿನಕ್ಸಿನ ಹೊಟ್ಟೆಯಲ್ಲಿರುತ್ತದೆ. ಅದನ್ನು ಹುಡುಕಿ ತೆಗೆದೆ. ಮೂವತ್ತು ವರ್ಷದ ಕಚೇರಿಯ ಚಾಳಿ ನೋಡಿ, ನಕಲಿಲ್ಲದೆ ಯಾವ ಕಡತವನ್ನೂ ನಾನು ಮುಟ್ಟುವವನಲ್ಲ. ಇಡೀ ಕಡತವನ್ನು ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಕೈಯಾರೆ ಬರೆದುಕೊಂಡು, ಕೆಳಗೆ 'ನಿಜ ಪ್ರತಿ' ಎಂದು ಸಹಿಯನ್ನೂ ಹಾಕಿದೆ. ಆಮೇಲೆ ಕಡತದಲ್ಲಿ ನನಗೆ ಶೋಭಿಸುವಂಥ ದೊಡ್ಡ ಅಂಕಿಯೊಂದನ್ನು ತುಂಬಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ.

ಪರದೆ ಕಪ್ಪಾಯಿತು. ಗಣಪತಿಯೂ ಅಂತರ್ಧಾನ!

ಸುಮಿತ್ರೆಯ ಬೊಬ್ಬೆ ಕೇಳಿ ಪಕ್ಕದ ಮನೆಯ ಜೋಶಿಯವರು ಓಡಿ ಬಂದರು. "ಅಹೋ, ಬಂದ್ ಕರೂನ್ ಚಾಲೂ ಕರಾ" ಎಂದು ಮರಾಠಿಯಲ್ಲಿ ಸಲಹೆ ಕೊಟ್ಟು, ಚಹಾ ಕುಡಿದು ಹೋದರು. ಬಂದ್ ಮಾಡಿ ಚಾಲೂ ಮಾಡಿದೆ. ಹನ್ನೊಂದು ಸಲ. ಕೊನೆಗೆ ಕಪ್ಪು ಪರದೆಯಲ್ಲಿ ಬರೀ ಅಕ್ಷರ ಮೂಡುವ ದಾರಿಯೊಂದು ಸಿಕ್ಕಿತು. ಕ್ಯಾಲೆಂಡರನ್ನು ತಿರುವಿ ತೊಡೆಯ ಮೇಲಿಟ್ಟುಕೊಂಡು, ನನ್ನ ನಿಜ ಪ್ರತಿಯನ್ನು ಒಂದೊಂದೇ ಅಕ್ಷರ ಕುಟ್ಟಿದೆ. ಗಣಪತಿ ಮರಳಿ ಬಂದ. ಅಷ್ಟೇ ಅಗಲವಾಗಿ.

ಆಗ ಹೊಳೆಯಿತು ನೋಡಿ, ನನ್ನ ಜೀವಮಾನದ ಬುದ್ಧಿವಂತಿಕೆ! ಪರದೆ ಸರಿಹೋಗದಿದ್ದರೆ ಹೋಗಲಿ, ಫೋಟೋವನ್ನೇ ಸರಿಮಾಡಿದರಾಯಿತು. ಎರಡೂ ಬದಿಯಿಂದ ಫೋಟೋ ಒತ್ತುತ್ತಾ ಬಂದೆ. ನಮ್ಮ ಪರದೆಯ ಮೇಲೆ ವಿದ್ಯಾ ಥೇಟ್ ವಿದ್ಯಾಳಂತೆ ಕಂಡಳು. ಅವಳೂ ಒಪ್ಪಿದಳು, ಸುಮಿತ್ರೆಯೂ ಒಪ್ಪಿದಳು. ಕಳಿಸಿಬಿಟ್ಟೆ.

ಮರುದಿನ ಪ್ರಸನ್ನನ ಫೋಟೋ ಬಂತು. ಅಬ್ಬಾ, ಏನು ಗಾತ್ರ! ನಮ್ಮವಳ ಫೋಟೋ ಒತ್ತಿದವನಿಗೆ ಎದುರಿನವರದ್ದನ್ನೂ ಒತ್ತಿ ನೋಡಬೇಕೆಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಅದನ್ನೇ ನೋಡುತ್ತ ಕೂತಿದ್ದಾಗ ದೇಸಾಯರ ಫೋನ್ ಬಂತು.

"ನಮಸ್ಕಾರ್ರಿ. ಹುಡುಗಿ ಪ್ರಕೃತಿ ಹ್ಯಾಂಗದರಿ?"

"ಉತ್ತಮ ಅದರಿ!"

"ಊಟ ಗೀಟ ಮಾಡ್ತಾಳಲ್ರಿ?"

"ಏನ್ ಕೇಳ್ತೀರಿ! ನಾಕ ಭಕ್ರಿ ತಿಂತಾಳ."

"ಮತ್ತ ಎಲ್ಲಿ ಹೋಗ್ತಾವ್ರಿ ಅವು? ಫೋಟೋದಾಗ ಹುಡುಗಿ ಕಡ್ಡಿ ಆಗ್ಯಾಳ. ಜಡ್ಡು ಗಿಡ್ಡು ಇದ್ರ ಮೊದಲ ಹೇಳ್ರಿ."

ನನಗೆ ಪಿತ್ತ ನೆತ್ತಿಗೇರಿತು. "ಜಡ್ಡೇನ್ರಿ? ನಿಮ್ಮ ಮಗಾನೂ ನಮ್ಮನಿ ಬಾಗಲದಾಗ ಹಿಡಸೂ ಹಂಗ ಕಾಣೂದಿಲ್ಲ ಬಿಡ್ರಿ!"

ಫೋನ್ ಟಕ್ಕೆಂದು ಬಂದಾಯಿತು. ವಿದ್ಯಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರಾತ್ರಿ ಊಟಕ್ಕೂ ಬರಲಿಲ್ಲ. ಅಣ್ಣ ಫೋನಿನಲ್ಲಿ "ಏನ್ ಮಾಡಿದ್ಯೋ ಮಾರಾಯಾ!" ಎಂದ; ಅಳುವುದೊಂದು ಬಾಕಿ.

ರವಿವಾರ ಬೆಳಿಗ್ಗೆ ಬಾಗಿಲ ಗಂಟೆಯ ಸದ್ದಾಯಿತು. ತೆಳ್ಳಗಿನ, ಕನ್ನಡಕದ ಹುಡುಗನೊಬ್ಬ ನಿಂತಿದ್ದ. ನಮ್ಮ ಬಾಗಿಲಲ್ಲಿ ಅಂಥವರು ಇಬ್ಬರು ಒಟ್ಟಿಗೇ ಹಾಯಬಹುದಿತ್ತು.

"ನಾ ಪ್ರಸನ್ನ ದೇಸಾಯಿ ರೀ. ಬಾಗಲದಾಗ ಹಿಡಸ್ತೀನೋ ಇಲ್ಲೋ ನೋಡಿ ಹೋಗೋಣಂತ ಬಂದೆ."

ಉಪ್ಪಿಟ್ಟಿನ ತಾಟು ಹಿಡಿದು ಅಡುಗೆಮನೆಯಿಂದ ಹೊರಬಿದ್ದ ವಿದ್ಯಾ ಕಿಸಕ್ಕನೆ ನಕ್ಕುಬಿಟ್ಟಳು. ಅವನು ಅವಳನ್ನು ನೋಡಿದ. ಕಡ್ಡಿಯೂ ಅಲ್ಲ, ಜಡ್ಡೂ ಇಲ್ಲ. ನಂತರ ಮೂಲೆಯಲ್ಲಿದ್ದ ಅಗಲ ಗಣಪತಿಯನ್ನು ನೋಡಿದ.

"ಕಾಕಾ, ಫೋಟೋ ಈ ಪರದೆ ಮ್ಯಾಲೆ ನೋಡಿ ಸಣ್ಣ ಮಾಡಿದ್ರೇನ್ರಿ?"

ನಾನು ತಲೆ ತಗ್ಗಿಸಿದೆ. ಅವನು ಕುರ್ಚಿ ಎಳೆದುಕೊಂಡು ಕೂತ, ಅದೇ ಕಡತ ತೆರೆದ, ಅಂಕಿ ತಿದ್ದಿದ. ಉಪ್ಪಿಟ್ಟು ಆರುವ ಮೊದಲೇ ಗಣಪತಿ ತನ್ನ ಮೂಲ ಗಾತ್ರಕ್ಕೆ ಮರಳಿದ. ಪ್ರಸನ್ನನ ಫೋಟೋ ಪ್ರಸನ್ನನಂತಾಯಿತು. ಸಿ.ಡಿ.ಯ ವಿದ್ಯಾ ಎದುರಿಗೆ ನಿಂತ ವಿದ್ಯಾಳಂತಾದಳು. ಅವನು ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿ, "ಹುಡುಗಿ ಆರಾಮ ಇದ್ದಾಳ. ಪರದೀಗೆ ಜಡ್ಡಾಗಿತ್ತು" ಎಂದ. ನನ್ನ ಜೀವ ಜಾಗಕ್ಕೆ ಬಂತು.

"ಇವರ ಫೋಟೋನೂ ಒಮ್ಮೆ ತಗೀರಿ" ಎಂದಳು ಸುಮಿತ್ರಾ, ಭಾರೀ ಮುಗ್ಧವಾಗಿ.

ತೆಗೆದ. ಎಲ್ಲರೂ ಬಗ್ಗಿ ನೋಡಿದರು. ನಾನಿದ್ದೆ. ನನ್ನ ಹೊಟ್ಟೆಯೂ ಇತ್ತು.

ಹುಡುಗ ಸಂಭಾವಿತ. ಮೆಲ್ಲಗೆ, "ಇನ್ನೊಮ್ಮೆ ಬಂದ್ ಮಾಡಿ ಚಾಲೂ ಮಾಡೋಣೇನ್ರಿ, ಕಾಕಾ?" ಎಂದ.

ಮಾಡಿದೆವು. ಹೊಟ್ಟೆ ಅಷ್ಟೇ ಇತ್ತು.